ಬೆಳಕಿನ ಬೆಲೆ ಕೊಟ್ಟವರು ಯಾರು?
(ಕರ್ನಾಟಕದ ವಿದ್ಯುತ್ ಚರಿತ್ರೆಯ ಒಂದು ಲೆಕ್ಕ)

ಗೋಡೆಯ ಮೇಲಿನ ಸ್ವಿಚ್ ಒತ್ತುತ್ತೇವೆ, ದೀಪ ಉರಿಯುತ್ತದೆ. ತಿಂಗಳಿಗೊಮ್ಮೆ ಮೀಟರ್ ಓದುವವರು ಬಂದು ಬಿಲ್ಲು ಕೊಟ್ಟು ಹೋಗುತ್ತಾರೆ. ಹಣ ಕಟ್ಟಿದರೆ ಲೆಕ್ಕ ಚುಕ್ತಾ ಆಯಿತೆಂದು ನಾವೆಲ್ಲ ತಿಳಿದುಕೊಂಡಿದ್ದೇವೆ. ಚಿಮಣಿ ದೀಪದ ಮಿಣುಕು ಬೆಳಕಿನಲ್ಲಿ ಪರೀಕ್ಷೆಗೆ ಓದಿದ ಹಿರಿಯರಿಗೆ ವಿದ್ಯುತ್ತಿನ ಬೆಲೆ ಸ್ವಲ್ಪ ಗೊತ್ತಿತ್ತು. ಇಂದಿನ ಮಕ್ಕಳಿಗೆ ಅದು ಗಾಳಿ, ನೀರಿನಷ್ಟೇ ಸಹಜವಾದ ವಸ್ತು.

ನಮ್ಮ ಶಾಲಾ ಪಠ್ಯಪುಸ್ತಕಗಳಲ್ಲಿ ಇಂಧನದ ಪಾಠ ಬಂದಾಗ ಸಾಮಾನ್ಯವಾಗಿ ಎರಡು ಅಂಕಣಗಳ ಪಟ್ಟಿಯೊಂದಿರುತ್ತದೆ. ಒಂದು ಕಡೆ ಅನುಕೂಲಗಳು, ಇನ್ನೊಂದು ಕಡೆ ಅನಾನುಕೂಲಗಳು. ಜಲವಿದ್ಯುತ್ ಅಗ್ಗ, ಆದರೆ ಅರಣ್ಯ ಮುಳುಗುತ್ತದೆ. ಕಲ್ಲಿದ್ದಲು ಮಳೆಯನ್ನು ನಂಬಿಕೊಂಡಿಲ್ಲ, ಆದರೆ ಹೊಗೆ ಬರುತ್ತದೆ. ಅಣುಶಕ್ತಿಗೆ ಹೊಗೆಯಿಲ್ಲ, ಆದರೆ ವಿಕಿರಣದ ಭಯ. ಸೌರಶಕ್ತಿ ಸ್ವಚ್ಛ, ಆದರೆ ರಾತ್ರಿ ಸಿಗುವುದಿಲ್ಲ. ವಿದ್ಯಾರ್ಥಿಗಳು ಇದನ್ನು ಬಾಯಿಪಾಠ ಮಾಡಿ ಉತ್ತರ ಬರೆಯುತ್ತಾರೆ, ಅಂಕವೂ ಸಿಗುತ್ತದೆ. ಆದರೆ ಚರಿತ್ರೆಯನ್ನು ತೆರೆದು ನೋಡಿದರೆ ಈ ಪಟ್ಟಿಯಲ್ಲಿ ಮೂರನೆಯ ಅಂಕಣವೊಂದು ಬಿಟ್ಟುಹೋಗಿದೆ ಎಂದು ತಿಳಿಯುತ್ತದೆ. ಅದು 'ಯಾರಿಗೆ?' ಎಂಬ ಅಂಕಣ. ಅನುಕೂಲ ಯಾರಿಗೆ? ಅನಾನುಕೂಲ ಯಾರಿಗೆ? ಎರಡೂ ಒಂದೇ ಮನೆಯ ಪಾಲಿಗೆ ಬಂದಿದ್ದರೆ ಅದನ್ನು ವ್ಯಾಪಾರ ಎನ್ನಬಹುದಿತ್ತು. ಬೆಳಕು ಒಬ್ಬರಿಗೆ, ಬಿಲ್ಲು ಇನ್ನೊಬ್ಬರಿಗೆ ಎಂದಾದರೆ ಅದಕ್ಕೆ ಏನೆನ್ನಬೇಕು? ನಮ್ಮ ರಾಜ್ಯದ ನೂರಿಪ್ಪತ್ತು ವರ್ಷಗಳಿಗೂ ಮೀರಿದ ವಿದ್ಯುತ್ ಚರಿತ್ರೆಯನ್ನು ಈ ಪ್ರಶ್ನೆಯೊಂದಿಗೆ ಓದುವುದು ಈ ಲೇಖನದ ಉದ್ದೇಶ.

ಶಿವನಸಮುದ್ರದಿಂದ ಕೋಲಾರಕ್ಕೆ

ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಕೋಲಾರದ ಚಿನ್ನದ ಗಣಿಗಳು ಉಗಿಯಂತ್ರಗಳಿಂದ ನಡೆಯುತ್ತಿದ್ದವು. ಅದಿರನ್ನು ಮೇಲೆತ್ತಲು, ನೀರು ಹೊರಹಾಕಲು, ಕಲ್ಲು ಕುಟ್ಟಲು ಎಲ್ಲದಕ್ಕೂ ಉಗಿಯೇ ಬೇಕು. ಮೈಸೂರು ಸೀಮೆಯಲ್ಲಿ ಕಲ್ಲಿದ್ದಲು ಸಿಗುವುದಿಲ್ಲ. ಹೊರಗಿನಿಂದ ತಂದ ಕಲ್ಲಿದ್ದಲು ದುಬಾರಿ. ಸೌದೆ ಸುಡೋಣವೆಂದರೆ ಬಯಲುಸೀಮೆಯ ಕುರುಚಲು ಕಾಡು ಎಷ್ಟು ದಿನ ತಡೆದೀತು?

ಆಗ ದಿವಾನ್ ಕೆ. ಶೇಷಾದ್ರಿ ಅಯ್ಯರ್ ಅವರ ಗಮನ ಕಾವೇರಿಯ ಶಿವನಸಮುದ್ರ ಜಲಪಾತದ ಕಡೆ ಹೋಯಿತು. ಸೇನಾ ಇಂಜಿನಿಯರ್ ಕ್ಯಾಪ್ಟನ್ ಡಿ ಲಾಟ್ಬಿನಿಯೇರ್ ಯೋಜನೆಯ ಹೊಣೆ ಹೊತ್ತರು. ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿ ವಿದ್ಯುತ್ ಯಂತ್ರಗಳನ್ನು ಒದಗಿಸಿತು, ಸ್ವಿಟ್ಜರ್ಲೆಂಡಿನ ಎಷರ್ ವಿಸ್ ಕಂಪನಿ ಜಲಚಕ್ರಗಳನ್ನು ಒದಗಿಸಿತು. 1902ರ ಜೂನ್ 30ರಂದು ಶಿವನಸಮುದ್ರದ ವಿದ್ಯುತ್ ಸುಮಾರು 147 ಕಿಲೋಮೀಟರ್ ದೂರದ ಕೋಲಾರ ಗಣಿಗಳಿಗೆ ಹರಿಯಿತು. ಅಷ್ಟು ದೂರಕ್ಕೆ ವಿದ್ಯುತ್ ಸಾಗಿಸಿದ್ದು ಆ ಕಾಲಕ್ಕೆ ಜಗತ್ತೇ ಬೆರಗಾಗುವ ಸಾಧನೆ. ಶೇಷಾದ್ರಿ ಅಯ್ಯರ್ ಮಾತ್ರ ಅದನ್ನು ನೋಡಲು ಬದುಕಿರಲಿಲ್ಲ. ಹಿಂದಿನ ವರ್ಷವೇ ಅವರು ತೀರಿಕೊಂಡಿದ್ದರು.

ಗಮನಿಸಬೇಕಾದ ಸಂಗತಿ ಎಂದರೆ, ಮೊದಲ ವಿದ್ಯುತ್ ಹೋದದ್ದು ಯಾವ ಮನೆಗೂ ಅಲ್ಲ, ಯಾವ ಶಾಲೆಗೂ ಅಲ್ಲ, ವಿದೇಶಿ ಕಂಪನಿಗಳು ನಡೆಸುತ್ತಿದ್ದ ಗಣಿಗೆ. ಬೆಂಗಳೂರಿನ ಬೀದಿಗಳಲ್ಲಿ ವಿದ್ಯುತ್ ದೀಪ ಉರಿಯಲು 1905ರ ಆಗಸ್ಟ್ 5ರವರೆಗೆ ಕಾಯಬೇಕಾಯಿತು. ಮೈಸೂರಿಗೆ ಬಂದದ್ದು 1908ರಲ್ಲಿ. ಜಲಪಾತದ ಸುತ್ತಲಿನ ಹಳ್ಳಿಗಳವರು ತಮ್ಮ ತಲೆಯ ಮೇಲಿಂದ ಹಾದುಹೋಗುವ ತಂತಿಯನ್ನು ನೋಡುತ್ತ ಇನ್ನೂ ಹಲವು ದಶಕ ಸೀಮೆಎಣ್ಣೆ ದೀಪದಲ್ಲೇ ಕಳೆದರು. ಹಾಗೆಂದು ಈ ಯೋಜನೆಯನ್ನು ಹಳಿಯುವಂತಿಲ್ಲ. ಗಣಿ ಕಂಪನಿ ಕೊಟ್ಟ ಹಣದಿಂದ ಸರ್ಕಾರಕ್ಕೆ ಒಳ್ಳೆಯ ಆದಾಯ ಬಂತು. ಉಗಿಯಂತ್ರಗಳ ಒಲೆಗೆ ಬೀಳಬೇಕಾಗಿದ್ದ ಎಷ್ಟೋ ಮರಗಳು ಉಳಿದವು. ಜಲಪಾತದ ನೀರನ್ನು ತಿರುಗಿಸಿಕೊಂಡದ್ದರಿಂದ ದೊಡ್ಡ ಮುಳುಗಡೆಯೂ ಆಗಲಿಲ್ಲ.

ಆದರೆ ಬೇಸಿಗೆಯಲ್ಲಿ ಕಾವೇರಿ ಬಡವಾಗುತ್ತಿದ್ದಳು, ಗಣಿಗಳ ಬೇಡಿಕೆ ಮಾತ್ರ ಏರುತ್ತಲೇ ಇತ್ತು. ವರ್ಷವಿಡೀ ನೀರು ಬೇಕೆಂದರೆ ಅದನ್ನು ಎಲ್ಲಾದರೂ ಕೂಡಿಡಬೇಕು. 1911ರಲ್ಲಿ ಕನ್ನಂಬಾಡಿಯಲ್ಲಿ ಅಣೆಕಟ್ಟೆಯ ಕೆಲಸ ಆರಂಭವಾಗಲು ಇದೂ ಒಂದು ಮುಖ್ಯ ಕಾರಣ. ಇಂದು ಕೃಷ್ಣರಾಜಸಾಗರ ಎಂದರೆ ಮಂಡ್ಯದ ಭತ್ತ, ಕಬ್ಬಿನ ಗದ್ದೆಗಳು ಕಣ್ಣಮುಂದೆ ಬರುತ್ತವೆ. ಸರ್ ಎಂ. ವಿಶ್ವೇಶ್ವರಯ್ಯನವರ ಈ ಕನಸಿನ ಹಿಂದೆ ನೀರಾವರಿಯ ಜೊತೆಗೆ ಶಿವನಸಮುದ್ರದ ಯಂತ್ರಗಳಿಗೆ ನೀರು ಒದಗಿಸುವ ಲೆಕ್ಕಾಚಾರವೂ ಇತ್ತು. ಹಳೆಯ ಕನ್ನಂಬಾಡಿ ಸೇರಿದಂತೆ ಹಲವು ಹಳ್ಳಿಗಳು ನೀರಿನಡಿ ಹೋದವು. ಬೇಸಿಗೆಯಲ್ಲಿ ನೀರು ತೀರ ಇಳಿದಾಗ ಅಲ್ಲಿನ ಹಳೆಯ ಗುಡಿ ತಲೆ ಎತ್ತುತ್ತಿದ್ದುದನ್ನು ನೋಡಿದವರು ಇಂದಿಗೂ ಇದ್ದಾರೆ.

ಕೋಲಾರದ ಗಣಿಗಳು 2001ರ ಫೆಬ್ರವರಿ 28ರಂದು ಮುಚ್ಚಿದವು. ಚಿನ್ನ ಹೊರಗೆ ಹೋಯಿತು, ಸಯನೈಡ್ ಮಿಶ್ರಿತ ಮಣ್ಣಿನ ದಿಬ್ಬಗಳು ಅಲ್ಲಿಯೇ ಉಳಿದವು. ಗಾಳಿ ಬೀಸಿದಾಗ ಆ ಧೂಳು ಹೋಗಿ ಬೀಳುವುದು ಅಲ್ಲಿನ ಕಾರ್ಮಿಕರ ವಸತಿಗಳ ಮೇಲೆಯೇ.

ಶರಾವತಿ ಕೊಟ್ಟದ್ದು, ಕಸಿದುಕೊಂಡದ್ದು

ಮೂರನೆಯ ಅಂಕಣವನ್ನು ತುಂಬಲು ಶರಾವತಿಗಿಂತ ಸ್ಪಷ್ಟವಾದ ಉದಾಹರಣೆ ಸಿಗಲಾರದು. ಜೋಗದ ವಿದ್ಯುದಾಗಾರದ ಕೆಲಸ 1939ರಲ್ಲಿ ಶುರುವಾಗಿ, ಎರಡನೆಯ ಮಹಾಯುದ್ಧದಿಂದ ಕುಂಟುತ್ತ ಸಾಗಿ, 1948ರಲ್ಲಿ ಮುಗಿಯಿತು. ಮಹಾತ್ಮ ಗಾಂಧಿಯವರ ಹೆಸರನ್ನು ಪಡೆದ ಈ ಕೇಂದ್ರದ ಸಾಮರ್ಥ್ಯ ಮುಂದೆ 120 ಮೆಗಾವ್ಯಾಟ್‌ಗೆ ಏರಿತು. ಹೊಸದಾಗಿ ಹುಟ್ಟಿದ ಕಾರ್ಖಾನೆಗಳಿಗೆ ಅದು ಸಾಲಲಿಲ್ಲ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಎದ್ದು ನಿಂತಿತು. ಸುಮಾರು 151 ಟಿಎಂಸಿ ನೀರು ಹಿಡಿಯುವ ಈ ಜಲಾಶಯದಲ್ಲಿ, ಹಿಂದೆ ಅದೇ ನದಿಗೆ ಕಟ್ಟಿದ್ದ ಹಿರೇಭಾಸ್ಕರ ಅಣೆಕಟ್ಟೂ ಮುಳುಗಿಹೋಯಿತು. ಮಡೆನೂರಿನ ಬಳಿಯ ಆ ಹಳೆಯ ಕಟ್ಟೆ ಈಗ ಬೇಸಿಗೆಯಲ್ಲಿ ನೀರು ಇಳಿದಾಗ ಮಾತ್ರ ಕಾಣಿಸುತ್ತದೆ.

ಶರಾವತಿ ವಿದ್ಯುದಾಗಾರದ ಹತ್ತು ಘಟಕಗಳ ಈಗಿನ ಸಾಮರ್ಥ್ಯ 1035 ಮೆಗಾವ್ಯಾಟ್. ಬೆಂಗಳೂರಿನ ಕಾರ್ಖಾನೆಗಳು, ಭದ್ರಾವತಿಯ ಉಕ್ಕು, ಲಕ್ಷಾಂತರ ಪಂಪ್‌ಸೆಟ್ಟುಗಳು, ನಮ್ಮ ಶಾಲೆ ಕಾಲೇಜುಗಳ ದೀಪಗಳು ಎಲ್ಲದರಲ್ಲೂ ಶರಾವತಿಯ ಪಾಲಿದೆ. ಇಂಧನಕ್ಕೆ ಖರ್ಚಿಲ್ಲ. ಅಣೆಕಟ್ಟಿನ ಸಾಲ ತೀರಿದ ಮೇಲೆ ಒಂದು ಯೂನಿಟ್ ಉತ್ಪಾದನೆಗೆ ತಗಲುವ ವೆಚ್ಚ ತೀರ ಕಡಿಮೆ. ಇಂದಿಗೂ ರಾಜ್ಯದ ಅತಿ ಅಗ್ಗದ ವಿದ್ಯುತ್ತಿನಲ್ಲಿ ಇದೂ ಒಂದು. ಈ ಉಪಕಾರವನ್ನು ಮರೆತು ಅಣೆಕಟ್ಟನ್ನು ಬೈಯುವುದು ಸುಲಭ, ಆದರೆ ನ್ಯಾಯವಲ್ಲ.

ಇನ್ನು ಕೊಟ್ಟವರ ಕಡೆ ನೋಡೋಣ. ಸಾಗರ, ಹೊಸನಗರ ತಾಲ್ಲೂಕುಗಳ ಫಲವತ್ತಾದ ಕಣಿವೆ, ಅಡಿಕೆ ತೋಟ, ಗದ್ದೆ, ಮನೆ, ಮಸಣ ಎಲ್ಲವೂ ನೀರಿನಡಿಯಾಯಿತು. ಸಾವಿರಾರು ಕುಟುಂಬಗಳನ್ನು ಲಾರಿಗಳಲ್ಲಿ ತುಂಬಿ ಶಿವಮೊಗ್ಗ ಜಿಲ್ಲೆಯ ಬೇರೆ ಬೇರೆ ಕಾಡುಗಳ ಅಂಚಿಗೆ ತಂದು ಬಿಡಲಾಯಿತು. ಜಮೀನು ಕೊಟ್ಟರು, ಆದರೆ ಅನೇಕರಿಗೆ ಹಕ್ಕುಪತ್ರ ಸಿಗಲಿಲ್ಲ. ದಾಖಲೆಯಲ್ಲಿ ಆ ನೆಲ ಅರಣ್ಯವಾಗಿಯೇ ಉಳಿಯಿತು. 1980ರ ಅರಣ್ಯ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಅದನ್ನು ಸರಿಪಡಿಸುವುದು ಇನ್ನಷ್ಟು ಕಠಿಣವಾಯಿತು. ಅಣೆಕಟ್ಟಿಗೆ ಅರವತ್ತು ವರ್ಷ ತುಂಬಿದರೂ ಆ ಕಡತ ಮುಚ್ಚಿಲ್ಲ. ತಾತ ಬಿಟ್ಟುಬಂದ ನೆಲಕ್ಕೆ ಬದಲಾಗಿ ಬಂದ ನೆಲದ ಕಾಗದಕ್ಕಾಗಿ ಮೊಮ್ಮಕ್ಕಳು ಕಚೇರಿ ಅಲೆಯುತ್ತಿದ್ದಾರೆ.

ಶೆಟ್ಟಿಹಳ್ಳಿಯ ಕಾಡಿನಲ್ಲಿ ನೆಲೆಗೊಂಡ ಕುಟುಂಬಗಳ ಕಥೆ ಇನ್ನೂ ವಿಚಿತ್ರ. ಆ ಪ್ರದೇಶ ಮುಂದೆ ಅಭಯಾರಣ್ಯವಾಯಿತು. ಕಂಬ ನೆಡಲು, ತಂತಿ ಎಳೆಯಲು ಅರಣ್ಯದ ನಿಯಮ ಅಡ್ಡ ಬಂತು. ರಾಜ್ಯಕ್ಕೆ ಬೆಳಕು ಸಿಗಲೆಂದು ಮನೆಮಠ ಬಿಟ್ಟವರು ದಶಕಗಳ ಕಾಲ ಕತ್ತಲಲ್ಲೇ ಕುಳಿತರು. ದೀಪದ ಬುಡದಲ್ಲಿ ಕತ್ತಲೆ ಎಂಬ ಗಾದೆ ಇಷ್ಟು ಅಕ್ಷರಶಃ ನಿಜವಾದದ್ದು ಅಪರೂಪ.

ಮುಳುಗಡೆಯಿಂದ ಉಳಿದ ಕರೂರು, ಬಾರಂಗಿ ಸೀಮೆಯ ಜನ ಮೂರು ಕಡೆ ನೀರಿನಿಂದ ಸುತ್ತುವರಿದು ದ್ವೀಪವಾಸಿಗಳಂತಾದರು. ತಾಲ್ಲೂಕು ಕೇಂದ್ರಕ್ಕೆ, ಆಸ್ಪತ್ರೆಗೆ, ಕಾಲೇಜಿಗೆ ಹೋಗಲು ಲಾಂಚ್ ಒಂದೇ ಹತ್ತಿರದ ದಾರಿ. ಸಂಜೆಯ ಕೊನೆಯ ಲಾಂಚ್ ತಪ್ಪಿದರೆ ಆ ರಾತ್ರಿ ಕಾಯಿಲೆಯವರ ಗತಿ ದೇವರೇ ಬಲ್ಲ. ಅಂಬಾರಗೋಡ್ಲು-ಕಳಸವಳ್ಳಿ ನಡುವೆ ಎರಡು ಕಿಲೋಮೀಟರಿಗೂ ಉದ್ದದ ಸೇತುವೆ ಉದ್ಘಾಟನೆಯಾದದ್ದು 2025ರ ಜುಲೈ 14ರಂದು. ಅಣೆಕಟ್ಟು ಕಟ್ಟಿ ಮುಗಿಸಲು ಕೆಲವೇ ವರ್ಷ ಸಾಕಾಯಿತು, ಅದು ಕಡಿದ ದಾರಿಯನ್ನು ಮತ್ತೆ ಜೋಡಿಸಲು ಆರು ದಶಕ ಬೇಕಾಯಿತು.

ಕಾಳಿ ನದಿಯಲ್ಲೂ ಇದೇ ನಡೆಯಿತು. ಸೂಪಾ ಎಂಬುದು ಉತ್ತರ ಕನ್ನಡದ ಒಂದು ತಾಲ್ಲೂಕಿನ ಕೇಂದ್ರವಾಗಿತ್ತು. ಅಣೆಕಟ್ಟು ಬಂದು ಆ ಊರೇ ಮುಳುಗಿತು, ಕಚೇರಿಗಳು ಜೋಯಿಡಾಕ್ಕೆ ಹೋದವು.

ಇದನ್ನೆಲ್ಲ ಕಂಡಿದ್ದ ಉತ್ತರ ಕನ್ನಡದ ಅಡಿಕೆ ಬೆಳೆಗಾರರು ಬೇಡ್ತಿ ನದಿಗೆ ಅಣೆಕಟ್ಟು ಬರುತ್ತದೆ ಎಂದಾಗ ಬೇರೆ ದಾರಿ ಹಿಡಿದರು. ಘೋಷಣೆ ಕೂಗುವುದರ ಜೊತೆಗೆ ಲೆಕ್ಕ ಕೇಳಿದರು. 1981ರಲ್ಲಿ ಶಿರಸಿಯಲ್ಲಿ ರೈತರ ಸಹಕಾರ ಸಂಘದ ಮುಂದಾಳತ್ವದಲ್ಲಿ ವಿಚಾರ ಸಂಕಿರಣ ನಡೆಯಿತು. ವಿಜ್ಞಾನಿಗಳು, ಅರ್ಥಶಾಸ್ತ್ರಜ್ಞರು, ಇಂಜಿನಿಯರುಗಳು, ರೈತರು ಒಟ್ಟಿಗೆ ಕುಳಿತು ಮುಳುಗುವ ಕಾಡು, ತೋಟಗಳ ಬೆಲೆಯನ್ನೂ ಬರುವ ವಿದ್ಯುತ್ತಿನ ಬೆಲೆಯನ್ನೂ ಎದುರುಬದುರು ಇಟ್ಟು ನೋಡಿದರು. ಆ ಯೋಜನೆ ಮುಂದೆ ಹೋಗಲಿಲ್ಲ. ಬೆಲೆ ಕೊಡಬೇಕಾದವರೇ ಲೆಕ್ಕದ ಪುಸ್ತಕ ಹಿಡಿದು ಕುಳಿತ ಅಪರೂಪದ ಪ್ರಸಂಗವಿದು.

ಕಲ್ಲಿದ್ದಲು ಮತ್ತು ಬೂದಿ

1980ರ ದಶಕದ ಮಧ್ಯದವರೆಗೂ ಕರ್ನಾಟಕದ ವಿದ್ಯುತ್ ಎಂದರೆ ಬಹುಮಟ್ಟಿಗೆ ಜಲವಿದ್ಯುತ್ತೇ. ಇದರಿಂದ ನಮ್ಮ ಗಾಳಿ ಸ್ವಚ್ಛವಾಗಿತ್ತು, ಆದರೆ ರಾಜ್ಯದ ಕಣ್ಣು ಸದಾ ಆಕಾಶದ ಕಡೆ ಇರುತ್ತಿತ್ತು. ಮುಂಗಾರು ಕೈಕೊಟ್ಟರೆ ಜಲಾಶಯ ಬರಿದು, ಕಾರ್ಖಾನೆಗಳಿಗೆ ವಿದ್ಯುತ್ ಕಡಿತ, ಕೂಲಿಕಾರರಿಗೆ ಕೆಲಸವಿಲ್ಲ. ನದಿಯಲ್ಲಿ ನೀರಿಲ್ಲದಿದ್ದರೂ ವಿದ್ಯುತ್ ಕೊಡುವ ಮೂಲವೊಂದು ಬೇಕೇ ಬೇಕು ಎಂಬ ವಾದದಲ್ಲಿ ಹುರುಳಿತ್ತು. 1985ರಲ್ಲಿ ರಾಯಚೂರಿನ ಶಕ್ತಿನಗರದಲ್ಲಿ ಶಾಖೋತ್ಪನ್ನ ವಿದ್ಯುತ್ ಕೇಂದ್ರದ ಮೊದಲ ಘಟಕ ಆರಂಭವಾಯಿತು. ಮುಂದೆ ಅದು ಎಂಟು ಘಟಕಗಳ 1720 ಮೆಗಾವ್ಯಾಟ್ ಕೇಂದ್ರವಾಗಿ ಬೆಳೆಯಿತು.

ಕಲ್ಲಿದ್ದಲು ಸಿಂಗರೇಣಿಯಿಂದ, ಒಡಿಶಾದಿಂದ ರೈಲಿನಲ್ಲಿ ಬರಬೇಕು. ಒಂದು ಯೂನಿಟ್ ವಿದ್ಯುತ್ತಿಗೆ ಮುಕ್ಕಾಲು ಕಿಲೋದಷ್ಟು ಕಲ್ಲಿದ್ದಲು ಸುಡಬೇಕಾಗುತ್ತದೆ. ನಮ್ಮ ದೇಶದ ಕಲ್ಲಿದ್ದಲಿನಲ್ಲಿ ಸುಮಾರು ಮೂರನೆಯ ಒಂದು ಪಾಲು ಅಥವಾ ಅದಕ್ಕಿಂತ ಹೆಚ್ಚು ಬೂದಿ. ಅಂದರೆ ನೂರು ರೈಲು ಕಲ್ಲಿದ್ದಲು ಬಂದರೆ ಮೂವತ್ತಕ್ಕೂ ಹೆಚ್ಚು ರೈಲಿನಷ್ಟು ಬೂದಿ ಅಲ್ಲಿಯೇ ಉಳಿಯುತ್ತದೆ. ಸಿಮೆಂಟಿಗೆ, ಇಟ್ಟಿಗೆಗೆ ಅದು ಬಳಕೆಯಾಗುತ್ತದೆ ನಿಜ. ಉಳಿದದ್ದು ಬೂದಿ ಹೊಂಡಕ್ಕೆ ಸೇರುತ್ತದೆ, ಒಣಗಿದಾಗ ಗಾಳಿಗೆ ಹಾರುತ್ತದೆ. ಸುತ್ತಲ ಹಳ್ಳಿಗಳ ಜನ ಬಹುಕಾಲದಿಂದ ಹೇಳುತ್ತಿರುವ ಕಷ್ಟ ಇದೇ. ಇನ್ನೊಂದು ಕಡೆ, ಹಿಂದುಳಿದ ಜಿಲ್ಲೆಯೊಂದಕ್ಕೆ ಶಕ್ತಿನಗರ ಸಾವಿರಾರು ಉದ್ಯೋಗಗಳನ್ನು ತಂದುಕೊಟ್ಟಿತು. ಮಳೆ ಇಲ್ಲದ ವರ್ಷಗಳಲ್ಲಿ ರಾಜ್ಯದ ಮಾನ ಉಳಿಸಿತು. 2023ರ ಬರಗಾಲದಲ್ಲಿ ಜಲಾಶಯಗಳು ಬತ್ತಿದಾಗಲೂ ಶಾಖೋತ್ಪನ್ನ ಕೇಂದ್ರಗಳನ್ನೇ ನೆಚ್ಚಿಕೊಳ್ಳಬೇಕಾಯಿತು.

ಕರಾವಳಿಯಲ್ಲಿ ಉಡುಪಿ ಜಿಲ್ಲೆಯ ಎಲ್ಲೂರಿನಲ್ಲಿ ವಿದೇಶಿ ಕಲ್ಲಿದ್ದಲಿನಿಂದ ನಡೆಯುವ 1200 ಮೆಗಾವ್ಯಾಟ್ ಕೇಂದ್ರ 2010ರಿಂದ ಆರಂಭವಾಯಿತು. ಅಲ್ಲಿ ಭತ್ತ, ಮಲ್ಲಿಗೆ ಬೆಳೆಯುವ ರೈತರ ದೂರು ಕೂಡ ಬೂದಿ ಮತ್ತು ಉಪ್ಪುನೀರಿನದೇ. ಮಲ್ಲಿಗೆ ಮೊಗ್ಗಿನ ದರದ ಮೇಲೆ ಸಂಸಾರ ನಡೆಸುವ ಹೆಣ್ಣುಮಗಳ ನಷ್ಟವನ್ನು ಯಾವ ಯೂನಿಟ್ ದರದಲ್ಲಿ ಸೇರಿಸೋಣ? ಇದಲ್ಲದೆ ಪ್ರತಿ ಯೂನಿಟ್ಟಿಗೆ ಸುಮಾರು ಒಂದು ಕಿಲೋದಷ್ಟು ಇಂಗಾಲದ ಡೈ ಆಕ್ಸೈಡ್ ಆಕಾಶ ಸೇರುತ್ತದೆ. ಆ ಬಿಲ್ಲು ಇನ್ನೂ ಹುಟ್ಟದ ಮಕ್ಕಳ ಹೆಸರಿಗೆ ಹೋಗುತ್ತದೆ.

ಕೈಗಾದ ಪಾಠ

ಅಣುಶಕ್ತಿಯ ಲೆಕ್ಕ ಇನ್ನೊಂದು ಬಗೆಯದು. ಕಾಳಿ ನದಿಯ ದಂಡೆಯ ದಟ್ಟ ಕಾಡಿನಲ್ಲಿ ಕೈಗಾ ಸ್ಥಾವರ ಬರುವಾಗ ದೊಡ್ಡ ವಿರೋಧವೇ ಎದ್ದಿತು. ವಯೋವೃದ್ಧರಾಗಿದ್ದ ಡಾ. ಶಿವರಾಮ ಕಾರಂತರು ಈ ವಿಚಾರವನ್ನು ಜನರ ಮುಂದಿಡಲೆಂದೇ 1989ರ ಲೋಕಸಭಾ ಚುನಾವಣೆಗೆ ನಿಂತರು. ಅವರು ಗೆಲ್ಲಲಿಲ್ಲ, ಸ್ಥಾವರ ನಿಲ್ಲಲಿಲ್ಲ. 1994ರ ಮೇ ತಿಂಗಳಲ್ಲಿ ನಿರ್ಮಾಣ ಹಂತದಲ್ಲಿದ್ದ ಗುಮ್ಮಟದ ಒಳಭಾಗ ಕುಸಿದುಬಿತ್ತು. ಅಣು ಇಂಧನ ಇನ್ನೂ ತುಂಬಿರದಿದ್ದುದು ಪುಣ್ಯ. ಗುಮ್ಮಟದ ವಿನ್ಯಾಸವನ್ನು ಪರಿಶೀಲಿಸಿ ಬದಲಿಸಲಾಯಿತು, ಕೆಲಸ ಹಲವು ವರ್ಷ ತಡವಾಯಿತು.

2000ದಿಂದ ಕೈಗಾ ವಿದ್ಯುತ್ ಕೊಡುತ್ತಿದೆ. ನಾಲ್ಕು ಘಟಕಗಳಿಂದ 880 ಮೆಗಾವ್ಯಾಟ್. ಮೊದಲನೆಯ ಘಟಕ 2018ರ ಕೊನೆಯವರೆಗೆ 962 ದಿನ ಒಂದೇ ಸಮನೆ ನಡೆದು ಆಗಿನ ವಿಶ್ವದಾಖಲೆ ಬರೆಯಿತು. ಹೊಗೆಯಿಲ್ಲ, ಮಳೆಯ ಹಂಗಿಲ್ಲ, ರಾತ್ರಿ ಹಗಲೆಂಬ ಭೇದವಿಲ್ಲ. ವಿರೋಧಿಸಿದವರು ಹೆದರಿದ ಅನಾಹುತ ಆಗಲಿಲ್ಲ ಎಂಬುದನ್ನು ಪ್ರಾಮಾಣಿಕವಾಗಿ ಒಪ್ಪಬೇಕು. ಹಾಗೆಯೇ, ಸಾವಿರಾರು ವರ್ಷ ಕಾಯಬೇಕಾದ ತ್ಯಾಜ್ಯದ ಪ್ರಶ್ನೆ ಬಗೆಹರಿದಿಲ್ಲ ಎಂಬುದನ್ನೂ ಒಪ್ಪಬೇಕು. ಇಲ್ಲಿ ಮೂರನೆಯ ಅಂಕಣದಲ್ಲಿ ಮತ್ತೆ ಅದೇ ಜಿಲ್ಲೆಯ ಹೆಸರು ಬರುತ್ತದೆ. ಕಾಳಿಯ ಅಣೆಕಟ್ಟುಗಳಿಗೆ, ಅಣುಸ್ಥಾವರಕ್ಕೆ, ಕಾರವಾರದ ನೌಕಾನೆಲೆಗೆ ಒಂದೇ ಉತ್ತರ ಕನ್ನಡ ಎಷ್ಟು ಸಲ ಜಾಗ ಬಿಟ್ಟುಕೊಟ್ಟಿತು!

ಪಾವಗಡದ ಬಿಸಿಲು

ತುಮಕೂರು ಜಿಲ್ಲೆಯ ಪಾವಗಡ ಎಂದರೆ ಬರಗಾಲ ಎಂದೇ ಒಂದು ಕಾಲದ ಮಾತು. ಮಳೆ ಕಡಿಮೆ, ಕೊಳವೆಬಾವಿಯಲ್ಲಿ ಫ್ಲೋರೈಡ್ ನೀರು, ಕಡಲೆಕಾಯಿ ಬೆಳೆ ನೆಚ್ಚಿಕೊಂಡವರು ಬೆಂಗಳೂರಿಗೆ ಗುಳೆ. ಆ ಬಿಸಿಲೇ ಈಗ ಬೆಳೆಯಾಗಿದೆ. ತಿರುಮಣಿ ಸುತ್ತಲಿನ ಐದು ಹಳ್ಳಿಗಳ ಸುಮಾರು 13,000 ಎಕರೆಯಲ್ಲಿ 2050 ಮೆಗಾವ್ಯಾಟ್ ಸೌರ ಪಾರ್ಕ್ ಇದೆ. 2018ರಲ್ಲಿ ಉದ್ಘಾಟನೆಯಾಗಿ 2019ರ ಕೊನೆಗೆ ಪೂರ್ಣಗೊಂಡಿತು.

ಇಲ್ಲಿ ಶರಾವತಿಯ ತಪ್ಪು ಮರುಕಳಿಸಲಿಲ್ಲ ಎಂಬುದು ಸಮಾಧಾನ. ರೈತರ ಜಮೀನನ್ನು ಕಿತ್ತುಕೊಳ್ಳದೆ ಗುತ್ತಿಗೆಗೆ ಪಡೆದರು. ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಆರಂಭ, ಎರಡು ವರ್ಷಕ್ಕೊಮ್ಮೆ ಶೇಕಡಾ 5ರ ಏರಿಕೆ. ಪಹಣಿಯಲ್ಲಿ ಹೆಸರು ರೈತನದೇ. ಮಳೆ ಬರಲಿ ಬಿಡಲಿ, ಹಣ ಬರುತ್ತದೆ.

ಆದರೆ ಜಮೀನಿಲ್ಲದವನಿಗೆ ಗುತ್ತಿಗೆಯೂ ಇಲ್ಲ. ಬೇರೆಯವರ ಹೊಲದಲ್ಲಿ ಕಳೆ ಕೀಳುತ್ತಿದ್ದ ಹೆಂಗಸರಿಗೆ ಆ ಕೂಲಿ ತಪ್ಪಿತು. ಕುರಿಗಾಹಿಗಳಿಗೆ ಮೇವಿನ ಬಯಲು ಬೇಲಿಯೊಳಗಾಯಿತು. ಫಲಕಗಳ ಧೂಳು ಒರೆಸುವ, ಕಾವಲು ಕಾಯುವ ಕೆಲಸ ಎಲ್ಲರಿಗೂ ಸಾಲುವುದಿಲ್ಲ. ಹೊಗೆಯಿಲ್ಲದ ಸೌರಶಕ್ತಿಯ ಲೆಕ್ಕದಲ್ಲೂ ಬಿಟ್ಟುಹೋದ ಹೆಸರುಗಳಿವೆ.

ಸೂರ್ಯ ಮುಳುಗಿದ ಮೇಲೆ ಏನು? ನಮ್ಮ ಮನೆಗಳಲ್ಲಿ ದೀಪ ಬೇಕಾಗುವುದೇ ಆಗ. ಹಗಲು ಹೆಚ್ಚಾದ ಸೌರ ವಿದ್ಯುತ್ತಿನಿಂದ ಕೆಳಗಿನ ಜಲಾಶಯದ ನೀರನ್ನು ಮೇಲಕ್ಕೆ ಪಂಪ್ ಮಾಡಿ, ರಾತ್ರಿ ಅದೇ ನೀರನ್ನು ಕೆಳಗೆ ಬಿಟ್ಟು ವಿದ್ಯುತ್ ತೆಗೆಯುವುದು ಒಂದು ಉಪಾಯ. ಅದಕ್ಕಾಗಿ ಗೇರುಸೊಪ್ಪೆ ಮತ್ತು ತಲಕಳಲೆ ಜಲಾಶಯಗಳ ನಡುವೆ 2000 ಮೆಗಾವ್ಯಾಟ್ ಯೋಜನೆಯನ್ನು ರೂಪಿಸಲಾಗಿದೆ. ಅದು ಸಿಂಗಳೀಕಗಳ ಅಭಯಾರಣ್ಯದ ಜಾಗ. ಪರ, ವಿರೋಧದ ವಾದ ಜೋರಾಗಿಯೇ ನಡೆದಿದೆ. ಪಾವಗಡದ ಬಿಸಿಲಿನ ಬಿಲ್ಲು ತಿರುಗಿ ಬಂದು ಶರಾವತಿಯ ಬಾಗಿಲು ತಟ್ಟುತ್ತಿದೆ!

ಬೇಕಾದದ್ದು ಬೆಳಕು

ಹಾಗಾದರೆ ಏನು ಮಾಡಬೇಕು? ಮತ್ತೆ ಚಿಮಣಿ ದೀಪಕ್ಕೆ ಹೋಗೋಣವೇ? ಖಂಡಿತ ಅಲ್ಲ. ಸೌದೆ ಒಲೆಯ ಮುಂದೆ ಕೆಮ್ಮುತ್ತ ಅಡುಗೆ ಮಾಡಿದ ನಮ್ಮ ತಾಯಂದಿರ ಶ್ವಾಸಕೋಶವೂ ಇಂಧನದ ಬೆಲೆ ಕೊಟ್ಟಿದೆ. ಅದನ್ನು ಯಾವ ಪಟ್ಟಿಯೂ ಬರೆಯಲಿಲ್ಲ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿದ್ದ ಪ್ರೊ. ಅಮೂಲ್ಯ ರೆಡ್ಡಿಯವರು ಈ ಪ್ರಶ್ನೆಯನ್ನು ಬೇರೆ ಕಡೆಯಿಂದ ನೋಡಿದರು. 1974ರಲ್ಲಿ ಅವರು ಅಲ್ಲಿ ಆರಂಭಿಸಿದ 'ಅಸ್ತ್ರ' ಕೇಂದ್ರದಿಂದ ಹೊಗೆಯನ್ನು ಹೊರಹಾಕುವ, ಸೌದೆ ಉಳಿಸುವ ಅಸ್ತ್ರ ಒಲೆ ಬಂತು. ಕುಣಿಗಲ್ ತಾಲ್ಲೂಕಿನ ಪುರ ಎಂಬ ಹಳ್ಳಿಯಲ್ಲಿ 1987ರಿಂದ ಊರ ದನಗಳ ಸಗಣಿಯ ಅನಿಲದಿಂದಲೇ ಎಂಜಿನ್ ಓಡಿಸಿ ಮನೆಗಳಿಗೆ ದೀಪ, ಕುಡಿಯುವ ನೀರು ಕೊಡಲಾಯಿತು. ಅದು ಕೆಲವು ವರ್ಷ ನಡೆದು ನಿಂತಿತು, ಆದರೆ ಅದರ ಹಿಂದಿನ ವಿಚಾರ ನಿಂತಿಲ್ಲ. ಜನರಿಗೆ ಬೇಕಾದದ್ದು ಮೆಗಾವ್ಯಾಟ್ ಅಲ್ಲ, ಬೆಳಕು, ನೀರು, ಬೆಂದ ಅನ್ನ. ಅದನ್ನು ಕಡಿಮೆ ಇಂಧನದಲ್ಲಿ ಹೇಗೆ ಕೊಡಬಹುದೆಂದು ಮೊದಲು ಯೋಚಿಸಬೇಕು ಎಂಬುದು ಅವರ ನಿಲುವು. 60 ವ್ಯಾಟಿನ ಹಳೆಯ ಬಲ್ಬು ಕೊಡುತ್ತಿದ್ದಷ್ಟೇ ಬೆಳಕನ್ನು ಇಂದು 9 ವ್ಯಾಟಿನ ಎಲ್ಇಡಿ ಬಲ್ಬು ಕೊಡುತ್ತದೆ. ಉಳಿದ 51 ವ್ಯಾಟಿಗೆ ಯಾರ ತೋಟವೂ ಮುಳುಗಬೇಕಾಗಿಲ್ಲ, ಯಾರ ಮಲ್ಲಿಗೆಯ ಮೇಲೂ ಬೂದಿ ಬೀಳಬೇಕಾಗಿಲ್ಲ.

1979-80ರ ಭಾಗ್ಯಜ್ಯೋತಿಯಿಂದ 2023ರ ಗೃಹಜ್ಯೋತಿಯವರೆಗೆ ಬಡವರ ಮನೆಗೆ ಬೆಳಕು ಮುಟ್ಟಿಸುವ ಯೋಜನೆಗಳು ಬಂದಿವೆ. ಅವು ಬೇಕು. ಆದರೆ ಬಿಲ್ಲಿನಲ್ಲಿ ಸೊನ್ನೆ ಬಂದ ಮಾತ್ರಕ್ಕೆ ಬೆಲೆ ಸೊನ್ನೆಯಾಗುವುದಿಲ್ಲ ಎಂಬ ಎಚ್ಚರ ನಮಗಿರಲಿ.

ಯಾವ ಇಂಧನವೂ ಪೂರ್ತಿ ಒಳ್ಳೆಯದಲ್ಲ, ಪೂರ್ತಿ ಕೆಟ್ಟದ್ದಲ್ಲ. ಶಿವನಸಮುದ್ರದಿಂದ ಪಾವಗಡದವರೆಗಿನ ಚರಿತ್ರೆ ಹೇಳುವುದು ಇಷ್ಟೇ: ಯಾವುದನ್ನೇ ಆರಿಸಿಕೊಳ್ಳಿ, ಬೆಲೆ ಕೊಡುವವರನ್ನು ಮೊದಲು ಕೇಳಿ, ಅವರ ಬಾಕಿಯನ್ನು ಮೊದಲು ತೀರಿಸಿ. ಹೊಸ ಯೋಜನೆಯ ಶಂಕುಸ್ಥಾಪನೆಗೆ ಮುನ್ನ ಹಳೆಯ ಯೋಜನೆಯ ಸಂತ್ರಸ್ತರಿಗೆ ಹಕ್ಕುಪತ್ರ ಸಿಕ್ಕಿದೆಯೇ ಎಂದು ನೋಡಿ.

ಪ್ರಿಯ ವಿದ್ಯಾರ್ಥಿಗಳೇ, ಮುಂದಿನ ಸಲ ವಿಜ್ಞಾನ ವಸ್ತುಪ್ರದರ್ಶನಕ್ಕೆ ಅಣೆಕಟ್ಟಿನ ಮಾದರಿ ಮಾಡುವಾಗ, ಅದರ ಹಿಂದೆ ನೀರು ತುಂಬುವ ಜಾಗದಲ್ಲಿ ಒಂದೆರಡು ಪುಟ್ಟ ಮನೆಗಳನ್ನೂ ಇಡಿ. ನೋಡಲು ಬಂದವರು "ಇದೇನು?" ಎಂದು ಕೇಳಿದರೆ ಮೂರನೆಯ ಅಂಕಣವನ್ನು ವಿವರಿಸಿ ಹೇಳಿ. ಕೋಣೆಯಿಂದ ಹೊರಡುವಾಗ ದೀಪ, ಫ್ಯಾನು ಆರಿಸಲು ಮರೆಯಬೇಡಿ.